ಖಾಲಿ ಹಾಲ್‌ನ ಕಬಡ್ಡಿಗೆ ಜನರ ಸದ್ದು ಕೂರಿಸುವುದು ಹೇಗೆ

ನಮ್ಮಪ್ಪ ಮಂಡ್ಯದ ಕಡೆ ಮದುವೆ, ಜಾತ್ರೆ, ಎಲೆಕ್ಷನ್ನಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಈಗ ಅಂಗಡಿ ನನ್ನದು. ಎಷ್ಟೇ ಗಲಾಟೆ ಇದ್ದರೂ ಮೈಕಿನ ಮಾತು ಕೇಳಿಸಬೇಕು, ಅದೇ ನಮ್ಮ ಕಸುಬು. 2021ರಲ್ಲಿ ಇದರ ಉಲ್ಟಾ ಕೆಲಸವೊಂದು ಬಂತು. ಕಾಲೇಜಿನ ಹಾಲಿನಲ್ಲಿ ಕಬಡ್ಡಿ. ಕೊರೊನಾ ಕಾರಣಕ್ಕೆ ಆಟಗಾರರು, ಅಂಪೈರುಗಳು, ನಾವು ಮೂವರು ಬಿಟ್ಟರೆ ಒಳಗೆ ಯಾರೂ ಇಲ್ಲ. ಊರಿನವರೆಲ್ಲ ಯೂಟ್ಯೂಬ್ ಲೈವ್‌ನಲ್ಲೇ ನೋಡಬೇಕು.

ಮೊದಲ ಪಂದ್ಯ ಹಾಗೇ ಬಿಟ್ಟೆವು. ಮ್ಯಾಟ್ ಮೇಲೆ ಕಾಲು ಉಜ್ಜುವ ಸದ್ದು, ಫ್ಯಾನಿನ ಗರಗರ, ಕೋಚ್ ಬಾಯಿಂದ ಬಂದ ಮಾತುಗಳು (ಇಲ್ಲಿ ಬರೆಯುವ ಹಾಗಿಲ್ಲ). ಮನೆಯಲ್ಲಿ ಕೂತು ನೋಡುತ್ತಿದ್ದ ನಮ್ಮ ಭಾವ ಮೆಸೇಜ್ ಹಾಕಿದರು: "ಇದು ಪ್ರಾಕ್ಟೀಸಾ, ಮ್ಯಾಚಾ?"

ಎರಡನೇ ಪಂದ್ಯಕ್ಕೆ ಜನರ ಸದ್ದು ಸೇರಿಸಿದೆ. ಅದು ಇನ್ನೂ ಕೆಟ್ಟದಾಯಿತು. ಪಾಯಿಂಟ್ ಬಂದಾಗಲೆಲ್ಲ "ಹೋ" ಅಂತ ಒಂದೇ ಕೂಗು. ಮಧ್ಯೆ ಪೂರ್ತಿ ಮೌನ. ಬಾಗಿಲು ತೆಗೆದು ಹಾಕಿ ಮಾಡಿದ ಹಾಗೆ. ಅಲ್ಲಿಂದ ಹದಿನಾಲ್ಕು ಪಂದ್ಯ ಮಾಡುವಷ್ಟರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗಲೂ ವಾರದ ಮಧ್ಯೆ, ಬೆಳಗಿನ ಹೊತ್ತು ಲೀಗ್ ಪಂದ್ಯ ಇದ್ದರೆ ಹಾಲ್ ಖಾಲಿಯೇ ಇರುತ್ತದೆ. ಹಾಗಾಗಿ ಈ ಕೆಲಸ ಇನ್ನೂ ಉಪಯೋಗಕ್ಕೆ ಬರುತ್ತದೆ.

ದೊಡ್ಡವರು ಏನು ಮಾಡಿದರು ಅನ್ನೋದನ್ನು ಮೊದಲು ನೋಡಿ. 2020ರ ಮೇ 16ಕ್ಕೆ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾ ಖಾಲಿ ಸ್ಟೇಡಿಯಂಗಳಲ್ಲಿ ಮತ್ತೆ ಶುರುವಾಯಿತು. ಜೂನ್ 17ಕ್ಕೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್. ಅಲ್ಲಿ ಸ್ಕೈ ಸ್ಪೋರ್ಟ್ಸ್ ಚಾನೆಲ್ಲಿನವರು ಇಎ ಸ್ಪೋರ್ಟ್ಸ್ ಕಂಪನಿಯ ಫೀಫಾ ವಿಡಿಯೋ ಗೇಮಿನ ಸದ್ದನ್ನೇ ತಂದು ಹಾಕಿದರು. ಬೇಡ ಅನ್ನುವವರಿಗೆ ಸದ್ದಿಲ್ಲದ ಇನ್ನೊಂದು ಚಾನೆಲ್ ಕೊಟ್ಟರು. ಅಮೆರಿಕದ ಬೇಸ್‌ಬಾಲ್‌ನಲ್ಲೂ ಗೇಮಿನ ಸದ್ದೇ. ಅದನ್ನು ಸ್ಟೇಡಿಯಂ ಸ್ಪೀಕರಿನಲ್ಲೇ ಬಿಟ್ಟರು, ಒಬ್ಬ ಕೂತು ಟ್ಯಾಬ್ಲೆಟ್ ಒತ್ತುತ್ತಿದ್ದ. ನಮಗೆಲ್ಲ ನೆನಪಿರುವುದು ಆ ವರ್ಷ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ದುಬೈ, ಅಬುಧಾಬಿ, ಶಾರ್ಜಾದಲ್ಲಿ ನಡೆದ ಐಪಿಎಲ್. ಕುರ್ಚಿ ಖಾಲಿ, ಟೀವಿಯಲ್ಲಿ ಮಾತ್ರ ಗದ್ದಲ. ಮೊದಲ ದಿನ ನಗು ಬಂತು. ನಾಲ್ಕನೇ ಮ್ಯಾಚಿಗೆ ಅದು ಹಾಕಿದ ಸದ್ದು ಅನ್ನೋದೇ ಮರೆತುಹೋಗಿತ್ತು. ಕೂಗು ಜೋರಾಗಿದ್ದದ್ದಕ್ಕೆ ಹಾಗಾಗಲಿಲ್ಲ. ಕೂಗು ಇಲ್ಲದ ಹೊತ್ತಿನಲ್ಲೂ ಹಿಂದೆ ಒಂದು ಗುಜುಗುಜು ಬಿಡದೆ ನಡೆಯುತ್ತಿತ್ತಲ್ಲ, ಕೆಲಸ ಮಾಡಿದ್ದು ಅದು.

ಹಾಗಾಗಿ ಮೊದಲು ಗುಜುಗುಜು ಮಾಡಿಕೊಳ್ಳಿ. ಕೂಗಿನ ಮಾತು ಆಮೇಲೆ.

ಟೀವಿ ಮ್ಯಾಚಿನಿಂದ ಸದ್ದು ಕದಿಯಬೇಡಿ. ಕಾಪಿರೈಟ್ ತಕರಾರು ಬಂದರೆ ನಿಮ್ಮ ವಿಡಿಯೋ ಹೋಗುತ್ತದೆ. ಅದೂ ಅಲ್ಲದೆ, ಅದರಲ್ಲಿ ಕಾಮೆಂಟರಿ ಬೆರೆತಿರುತ್ತದೆ. ಜನ ಸೇರುವ ಯಾವುದಾದರೂ ಪಂದ್ಯಕ್ಕೆ ಹೋಗಿ ನೀವೇ ರೆಕಾರ್ಡ್ ಮಾಡಿ. ಜಾತ್ರೆಯ ಸದ್ದು ಆಗುವುದಿಲ್ಲ, ನಾನು ಹಾಕಿ ನೋಡಿದ್ದೇನೆ. ಜಾತ್ರೆಯ ಜನ ಓಡಾಡುತ್ತಾ ಮಾತಾಡುತ್ತಾರೆ, ಪೀಪಿ ಊದುತ್ತಾರೆ. ಪಂದ್ಯದ ಜನ ಒಂದೇ ಕಡೆ ನೋಡುತ್ತಾ ಮಾತಾಡುತ್ತಾರೆ. ಆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ರೆಕಾರ್ಡ್ ಮಾಡುವಾಗ ಜನರ ನಡುವೆ ನಿಲ್ಲಬೇಡಿ. ಸ್ವಲ್ಪ ದೂರ, ಸಾಧ್ಯವಾದರೆ ಎತ್ತರದಲ್ಲಿ ನಿಲ್ಲಿ. ಯಾರೊಬ್ಬರ ದನಿಯೂ ಬೇರೆಯಾಗಿ ಕೇಳಬಾರದು. ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಒಬ್ಬ "ಏ ಮಾವಾ, ಇತ್ಲಾಗ್ ಬಾರೋ" ಅಂತ ಕೂಗಿದ್ದ. ನನಗೆ ಅದು ಕೇಳಿಸಿಯೇ ಇರಲಿಲ್ಲ. ನಾಲ್ಕು ನಿಮಿಷದ ತುಂಡನ್ನು ತಿರುಗಿಸಿ ತಿರುಗಿಸಿ ಹಾಕಿದ್ದೆ. ಮೂರನೇ ಪಂದ್ಯ ಅರ್ಧ ಮುಗಿಯುವಷ್ಟರಲ್ಲಿ ನೋಡುವವರು ಲೈವ್ ಚಾಟ್‌ನಲ್ಲಿ ಬರೆಯತೊಡಗಿದರು: "ಮಾವ ಬಂದ್ರಾ?" "ಇನ್ನೂ ಬಂದಿಲ್ಲ." "ಮಾವನ್ನ ಕರ್ಕೊಂಡು ಬನ್ರಪ್ಪಾ." ಆಟ ಯಾರೂ ನೋಡಲಿಲ್ಲ.

ಇದಕ್ಕೆ ಎರಡು ಪರಿಹಾರ. ಒಂದು, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ. ಸಿಳ್ಳೆ, ಮಗುವಿನ ಅಳು, ಕಡಲೆಕಾಯಿ ಮಾರುವವನ ಕೂಗು, ಬೈಕ್ ಹಾರ್ನ್ ಎಲ್ಲ ಕತ್ತರಿಸಿ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ದುಡ್ಡಿಲ್ಲದೆ ಸಿಗುತ್ತದೆ, ಇಷ್ಟಕ್ಕೆ ಧಾರಾಳ ಸಾಕು. ಕತ್ತರಿಸಿದ ಕಡೆ ಒಂದೆರಡು ಸೆಕೆಂಡು ಒಂದರ ಮೇಲೊಂದು ಹತ್ತಿಸಿ ಕ್ರಾಸ್‌ಫೇಡ್ ಮಾಡಿ, ಇಲ್ಲದಿದ್ದರೆ ಟಕ್ ಅನ್ನುತ್ತದೆ. ಎರಡು, ಒಂದೇ ಲೂಪ್ ಬೇಡ. ಏಳು ನಿಮಿಷದ್ದೊಂದು, ಹನ್ನೊಂದು ನಿಮಿಷದ್ದೊಂದು ಮಾಡಿ ಎರಡನ್ನೂ ಒಟ್ಟಿಗೆ ಬಿಡಿ. ಅವು ಮತ್ತೆ ಶುರುವಿನಿಂದ ಒಟ್ಟಿಗೆ ಬರುವುದು 77 ನಿಮಿಷಕ್ಕೆ. ಕಬಡ್ಡಿಯಲ್ಲಿ 20 ನಿಮಿಷದ ಎರಡು ಅರ್ಧ, ನಡುವೆ ಐದು ನಿಮಿಷ. ಟೈಮ್ ಔಟ್ ಸೇರಿದರೂ ಅಷ್ಟರೊಳಗೆ ಪಂದ್ಯ ಮುಗಿದಿರುತ್ತದೆ.

ಇನ್ನೊಂದು ತೊಂದರೆ ನನಗೆ ತಡವಾಗಿ ಗೊತ್ತಾಯಿತು. ನನ್ನ ಹತ್ತಿರ ಇದ್ದದ್ದು ರಾತ್ರಿ ಹೊನಲು ಬೆಳಕಿನ ಟೂರ್ನಮೆಂಟಿನಲ್ಲಿ ಬಯಲಲ್ಲಿ ಹಿಡಿದ ಸದ್ದು. ಪರದೆಯಲ್ಲಿ ಕಾಣುವುದು ತಗಡು ಶೀಟಿನ ಹಾಲ್. ಎರಡೂ ಕೂಡುವುದೇ ಇಲ್ಲ. ಹಾಲಿನಲ್ಲಿ ಸದ್ದು ಗೋಡೆಗೆ, ಶೀಟಿಗೆ ಬಡಿದು ಗುಂಯ್ ಅನ್ನಬೇಕು. ಎಕೋ ಎಫೆಕ್ಟ್ ಹಾಕಿದೆ, ಬಾವಿಯೊಳಗಿಂದ ಬಂದ ಹಾಗಾಯಿತು. ಕೊನೆಗೆ ಅಪ್ಪನ ಬುದ್ಧಿ ಕೆಲಸಕ್ಕೆ ಬಂತು. "ಅಲ್ಲೇ ಸ್ಪೀಕರ್ ಇಟ್ಟು ಬಾರಿಸಿ, ಅಲ್ಲೇ ಹಿಡ್ಕೊಳ್ಳೋ" ಅಂದರು. ಹಿಂದಿನ ರಾತ್ರಿ ಗ್ಯಾಲರಿಯಲ್ಲಿ ಎರಡು ಸ್ಪೀಕರ್ ಗೋಡೆ ಕಡೆಗೆ ತಿರುಗಿಸಿ ಇಟ್ಟೆ. ಬಯಲಿನ ಸದ್ದನ್ನು ಅದರಲ್ಲಿ ಬಿಟ್ಟೆ. ಮ್ಯಾಟ್ ಪಕ್ಕ ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡಿದೆ. ಫ್ಯಾನ್ ಆಫ್ ಮಾಡುವುದು ಮರೆಯಬೇಡಿ. ಹಾಲಿನ ಗುಂಯ್ ತಾನಾಗೇ ಬಂದು ಕೂತಿತು. ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಜನರ ಲೆಕ್ಕವೂ ಹೊಂದಬೇಕು. ನಾನೂರು ಜನ ಹಿಡಿಸುವ ಹಾಲಿಗೆ ಚಿನ್ನಸ್ವಾಮಿ ಸ್ಟೇಡಿಯಂ ಹಾಗೆ ಭೋರ್ಗರೆದರೆ ಯಾರು ನಂಬುತ್ತಾರೆ?

ಈಗ ಕೂಗುಗಳು. ನಾನು ನಾಲ್ಕು ಬಗೆ ಇಟ್ಟುಕೊಂಡಿದ್ದೇನೆ, ಫೈಲಿಗೂ ಅದೇ ಹೆಸರು: ಏರು, ಹೋ, ಛೇ, ಚಪ್ಪಾಳೆ. ಒಂದೊಂದರಲ್ಲೂ ಕಡಿಮೆ ಅಂದರೆ ಐದು ಬೇರೆ ಬೇರೆ ತುಂಡು. ಒಂದೇ "ಹೋ" ಎರಡು ಸಲ ಬಂದರೆ ಮಕ್ಕಳೂ ಹಿಡಿಯುತ್ತಾರೆ. ಲೈವ್ ಬಿಡಲು ಬಳಸುವ ಒಬಿಎಸ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತುಂಡಿಗೂ ಕೀಬೋರ್ಡಿನ ಒಂದೊಂದು ಕೀ ಕೊಟ್ಟುಕೊಂಡರೆ ಸಾಕು, ಬೇರೆ ಸಾಮಾನು ಬೇಡ. ಇವುಗಳಲ್ಲಿ "ಏರು" ಅನ್ನೋದೇ ಮುಖ್ಯ. ಅದು ಕೂಗಲ್ಲ, ಕೂಗು ಬರುವ ಮುಂಚಿನ ಸದ್ದು. ಜನ ಪಾಯಿಂಟ್ ಬಂದ ಮೇಲೆ ಕೂಗಲು ಶುರು ಮಾಡುವುದಿಲ್ಲ, ಅಲ್ವಾ? ಬರುತ್ತದೆ ಅನ್ನಿಸಿದ ಕೂಡಲೇ ಕುರ್ಚಿಯಿಂದ ಅರ್ಧ ಎದ್ದಿರುತ್ತಾರೆ.

ಹಾಗಾಗಿ ಕೀ ಒತ್ತುವ ಹುಡುಗನಿಗೆ ಕಂಪ್ಯೂಟರ್ ಬರದಿದ್ದರೂ ಪರವಾಗಿಲ್ಲ, ಕಬಡ್ಡಿ ಗೊತ್ತಿರಬೇಕು. ರೈಡರ್ ನಡುಗೆರೆ ದಾಟಿದ, ಅವನಿಗೆ 30 ಸೆಕೆಂಡ್ ಇದೆ. ಮೊದಲ ಹದಿನೈದು ಸೆಕೆಂಡ್ ಸುಮ್ನೆ ಇರಿ, ಗುಜುಗುಜು ಸಾಕು. ಬೋನಸ್ ಗೆರೆ ಕಡೆ ಕಾಲು ಚಾಚಿದಾಗ ಒಂದು ಚಿಕ್ಕ ಏರು. ಕೈ ತಗುಲಿತು ಅನ್ನಿ. ಆಗಲೂ "ಹೋ" ಒತ್ತಬೇಡಿ. ಅವನು ತಿರುಗಿ ನಡುಗೆರೆಗೆ ಹಾರುತ್ತಾನಲ್ಲ, ಆಗ ಏರು ಒತ್ತಿ. ಗೆರೆ ಮುಟ್ಟಿದ ಮೇಲೆ "ಹೋ". ಹಿಂದಿನಿಂದ ಯಾರೋ ಪಾದ ಹಿಡಿದ, ಎಳೆದಾಟ ಮೂರು ನಾಲ್ಕು ಸೆಕೆಂಡ್ ನಡೆಯಿತು ಅಂದರೆ ಅದೇ ನಿಮ್ಮ ಹಬ್ಬ. ಏರನ್ನು ಎತ್ತುತ್ತಾ ಹೋಗಿ. ಕೊನೆಗೆ ಏನೇ ಆದರೂ "ಹೋ" ಮತ್ತು "ಛೇ" ಎರಡೂ ಬರಬೇಕು. ನಮ್ಮ ಕಡೆ ಪಂದ್ಯದಲ್ಲಿ ಅರ್ಧ ಜನ ಒಬ್ಬರ ಕಡೆ, ಅರ್ಧ ಜನ ಇನ್ನೊಬ್ಬರ ಕಡೆ.

ಎರಡು ರೈಡ್ ಖಾಲಿ ಹೋದವೋ, ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರದಿದ್ದರೆ ರೈಡರ್ ಔಟ್. ರೈಡರ್ ಒಳಗೆ ಕಾಲಿಡುವ ಮುಂಚೆಯೇ ಗುಜುಗುಜು ಒಂದು ಹಂತ ಮೇಲೆ ಹೋಗಬೇಕು. ಡಿಫೆನ್ಸಿನಲ್ಲಿ ಮೂವರೇ ಉಳಿದಿದ್ದಾರೆ, ಹಿಡಿದರೆ ಸೂಪರ್ ಟ್ಯಾಕಲ್, ಅಂದರೆ ಒಂದು ಪಾಯಿಂಟ್ ಜಾಸ್ತಿ. ಜನಕ್ಕೆ ಅದು ಗೊತ್ತಿರುತ್ತದೆ, ಹಾಗಾಗಿ ಸದ್ದಿಗೂ ಗೊತ್ತಿರಬೇಕು. ಅಂಪೈರುಗಳು ಒಟ್ಟಿಗೆ ಸೇರಿ ಮಾತಾಡುತ್ತಿದ್ದಾರೆ ಅಂದರೆ ಕೂಗು ಪೂರ್ತಿ ಇಳಿಸಿ, ಗುಜುಗುಜು ಮಾತ್ರ ಸ್ವಲ್ಪ ಜಾಸ್ತಿ ಮಾಡಿ. ಜನ ಅಕ್ಕಪಕ್ಕದವರ ಜೊತೆ ಜಗಳ ಆಡುವ ಹೊತ್ತು ಅದು. ನಾನು ಬೂ ಅನ್ನುವ ಸದ್ದು ಇಟ್ಟಿಲ್ಲ. ಇರುವ ಜನ ಬೈದರೆ ಬೇರೆ ಮಾತು, ಇಲ್ಲದ ಜನರ ಬಾಯಲ್ಲಿ ಪಕ್ಕದ ಊರಿನ ಹುಡುಗರನ್ನು ಬೈಸುವುದು ನನಗೆ ಸರಿ ಕಾಣಲಿಲ್ಲ.

ಅಭ್ಯಾಸಕ್ಕೆ ಒಳ್ಳೆಯ ದಾರಿ ಇದೆ. ಪ್ರೊ ಕಬಡ್ಡಿಯ ಎಂಟನೇ ಸೀಸನ್ 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರವರೆಗೆ ಬೆಂಗಳೂರಿನ ವೈಟ್‌ಫೀಲ್ಡಿನ ಒಂದೇ ಹೋಟೆಲಿನಲ್ಲಿ ನಡೆಯಿತು. ಹನ್ನೆರಡು ತಂಡ, ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಅದರ ಯಾವುದಾದರೂ ಪಂದ್ಯವನ್ನು ಮ್ಯೂಟ್ ಮಾಡಿ ಹಾಕಿಕೊಂಡು ನಿಮ್ಮ ಕೀ ಒತ್ತುತ್ತಾ ಹೋಗಿ. ಮೂರು ಪಂದ್ಯ ಮಾಡುವಷ್ಟರಲ್ಲಿ ಬೆರಳಿಗೆ ಆಟ ಹತ್ತುತ್ತದೆ.

ಸದ್ದನ್ನು ಹಾಲಿನ ಸ್ಪೀಕರಿನಲ್ಲಿ ಬಿಡಬೇಕಾ? ಬೇಡ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2020ರಲ್ಲಿ ಸ್ಟೇಡಿಯಂ ಒಳಗೇ ಸುಮಾರು 70 ಡೆಸಿಬಲ್‌ನ ಸದ್ದು ಬಿಟ್ಟಿತ್ತು, ಅದು ಬಯಲಿನ ಆಟ. ಕಬಡ್ಡಿಯಲ್ಲಿ ರೈಡರ್ ದಮ್ಮು ಬಿಡದೆ "ಕಬಡ್ಡಿ ಕಬಡ್ಡಿ" ಅನ್ನುತ್ತಿದ್ದಾನಾ ಅಂತ ಅಂಪೈರ್ ಕಿವಿಯಿಂದಲೇ ನೋಡಬೇಕು. ಮೇಲಾಗಿ ಸ್ಪೀಕರಿನ ಸದ್ದು ಮ್ಯಾಟ್ ಮೈಕಿಗೆ ಹೋಗಿ ಎರಡೆರಡು ಸಲ ಕೇಳುತ್ತದೆ. ಲೈವ್‌ಗೆ ಮಾತ್ರ ಕೊಡಿ. ಅಲ್ಲೂ ರೈಡರ್ ದನಿ ಮುಚ್ಚಬಾರದು. ನನ್ನ ಲೆಕ್ಕ ಹೀಗಿದೆ: ಕಾಮೆಂಟರಿ ಒಬಿಎಸ್ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ಕುಣಿಯುತ್ತಿದ್ದರೆ, ಗುಜುಗುಜು ಮೈನಸ್ 32ರ ಸುತ್ತ, ದೊಡ್ಡ ಕೂಗು ಮೈನಸ್ 16. ಈಕ್ವಲೈಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ತೆಗೆದುಬಿಡಿ. ಎರಡರಿಂದ ನಾಲ್ಕು ಕಿಲೋಹರ್ಟ್ಸ್ ನಡುವೆ ಸ್ವಲ್ಪ ತಗ್ಗಿಸಿ. ಮಾತಿನ ಅಕ್ಷರ ಸ್ಪಷ್ಟವಾಗಿ ಕೇಳುವುದು ಆ ಜಾಗದಲ್ಲಿ. ಒಬಿಎಸ್ ಕಂಪ್ರೆಸರ್‌ನಲ್ಲಿ ಡಕಿಂಗ್ ಅಂತ ಇದೆ. ಅದಕ್ಕೆ ಕಾಮೆಂಟರಿ ಮೈಕ್ ಆರಿಸಿದರೆ, ಕಾಮೆಂಟೇಟರ್ ಬಾಯಿ ತೆರೆದಾಗ ಜನರ ಸದ್ದು ತಾನೇ ಬಗ್ಗುತ್ತದೆ. ಜಾಸ್ತಿ ಇಡಬೇಡಿ, ಉಸಿರು ಬಿಟ್ಟ ಹಾಗೆ ಕೇಳುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಮಾಮೂಲಿ ಫೋನಿನ ಸ್ಪೀಕರಿನಲ್ಲಿ ಕೇಳಿ. ನಿಮ್ಮ ಜನ ಕೇಳುವುದು ಅದರಲ್ಲೇ.

ಆಪರೇಟರ್ ಮ್ಯಾಟ್ ನೋಡುತ್ತಾ ಒತ್ತಿದರೆ ಇನ್ನೊಂದು ಎಡವಟ್ಟು. ಕ್ಯಾಮೆರಾದಿಂದ ಕಂಪ್ಯೂಟರಿಗೆ ಚಿತ್ರ ಬರುವಷ್ಟರಲ್ಲಿ ಚೂರು ತಡವಾಗಿರುತ್ತದೆ. ಲೈವ್‌ನಲ್ಲಿ ರೈಡರ್ ಗೆರೆ ಮುಟ್ಟುವ ಮುಂಚೆಯೇ ಜನ ಕುಣಿದುಬಿಡುತ್ತಾರೆ, ಜ್ಯೋತಿಷಿಗಳ ಹಾಗೆ. ಅವನ ಮುಖವನ್ನು ಒಬಿಎಸ್ ಪರದೆಗೆ ತಿರುಗಿಸಿ ಕೂರಿಸಿ. ಬೆರಳು ಒತ್ತುವುದಕ್ಕೆ ಹಿಡಿಯುವ ಅರೆಕ್ಷಣ ನಿಜವಾದ ಜನಕ್ಕೂ ಹಿಡಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇದು ಮೋಸ ಅಲ್ವಾ ಅಂತ ಕೆಲವರು ಕೇಳಿದರು. ಪರದೆಯ ಮೂಲೆಯಲ್ಲಿ "ಜನರ ಸದ್ದು ಸೇರಿಸಿದ್ದು" ಅಂತ ಒಂದು ಸಾಲು ಹಾಕಿಬಿಡಿ, ಮುಗಿಯಿತು. ಈ ಕೆಲಸ ಹೊಸದೂ ಅಲ್ಲ. 1938ರಲ್ಲಿ ಇಂಗ್ಲೆಂಡಿನಲ್ಲಿ ಆ್ಯಷಸ್ ಟೆಸ್ಟ್ ನಡೆಯುತ್ತಿದ್ದಾಗ ಆಸ್ಟ್ರೇಲಿಯಾದ ಎಬಿಸಿ ರೇಡಿಯೋದವರು ಸಿಡ್ನಿಯ ಸ್ಟುಡಿಯೋದಲ್ಲೇ ಕೂತು ಕಾಮೆಂಟರಿ ಹೇಳಿದ್ದರು. ಅಲ್ಲಿಂದ ಬರುತ್ತಿದ್ದ ತಂತಿ ಸುದ್ದಿ ನೋಡಿಕೊಂಡು, ಮರದ ತುಂಡಿಗೆ ಪೆನ್ಸಿಲ್ ಬಡಿದು ಬ್ಯಾಟಿನ ಸದ್ದು ಮಾಡಿದರು. ಜನರ ಚಪ್ಪಾಳೆ ಗ್ರಾಮೊಫೋನ್ ತಟ್ಟೆಯಿಂದ ಬಂತು. ನಮ್ಮಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಪೆನ್ಸಿಲ್ಲಿಗೆ ಯಾವ ಮೈಕ್ ಇಟ್ಟಿದ್ದರಂತೆ?"

ಕೊನೇ ವಿಸಲ್ ಆದ ಮೇಲೆ ಸದ್ದನ್ನು ಟಕ್ಕನೆ ನಿಲ್ಲಿಸಬೇಡಿ. ದೊಡ್ಡ "ಹೋ", ಹಿಂದೆಯೇ ಚಪ್ಪಾಳೆ, ಆಮೇಲೆ ಗುಜುಗುಜುವನ್ನು ಅರ್ಧ ನಿಮಿಷದಲ್ಲಿ ನಿಧಾನಕ್ಕೆ ಇಳಿಸಿ. ಆದರೆ ಪೂರ್ತಿ ಇಳಿಸಿ, ಲೂಪ್ ನಿಲ್ಲಿಸಿ, ಆಮೇಲೆ ಕುರ್ಚಿ ಬಿಟ್ಟು ಏಳಿ. ಸೆಮಿಫೈನಲ್ ದಿನ ನಾನು ಲೂಪೂ ನಿಲ್ಲಿಸದೆ, ಲೈವೂ ನಿಲ್ಲಿಸದೆ ಟೀ ಕುಡಿಯಲು ಹೋಗಿದ್ದೆ. ಕೀಬೋರ್ಡಿನ ಮೇಲೆ ಯಾರೋ ಫೈಲು ಇಟ್ಟಿದ್ದರು. ವಾಪಸ್ ಬಂದು ನೋಡಿದರೆ ಹಾಲ್ ಗುಡಿಸುತ್ತಿದ್ದ ಅಜ್ಜಿ ಪೊರಕೆ ಹಿಡಿದು ನಡುಗೆರೆ ದಾಟುತ್ತಿದ್ದರು, ನಾನೂರು ಜನ "ಹೋ" ಅನ್ನುತ್ತಿದ್ದರು. ಚಾಟ್‌ನಲ್ಲಿ ಯಾರೋ ಬರೆದಿದ್ದರು: "ಬೋನಸ್ ಕೊಡಿ ಸಾರ್ ಅಜ್ಜಿಗೆ."