ಗಾಳಿಯಲ್ಲಿ ಇಂಗಾಲ ಜಾಸ್ತಿ, ನೆಲದಲ್ಲಿ ನೀರು ಕಮ್ಮಿ: ಶೇಂಗಾ, ರಾಗಿ ಬೆಳೆಸಿ ನೋಡಿದ ನನ್ನ ಅನುಭವ

"ಇಂಗಾಲದ ಡೈಆಕ್ಸೈಡ್ ಗಿಡಕ್ಕೆ ಊಟ ಅಲ್ವಾ? ಅದು ಜಾಸ್ತಿಯಾದರೆ ಬೆಳೆಗೆ ಒಳ್ಳೆಯದೇ ತಾನೇ?"

ಬೆಳೆ ಶರೀರಕ್ರಿಯಾಶಾಸ್ತ್ರ, ಅಂದರೆ ಗಿಡದ ಒಳಗೆ ಏನೇನು ನಡೆಯುತ್ತದೆ ಅನ್ನುವ ವಿಷಯ, ಓದುತ್ತೇನೆ ಅಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಿದ್ದರು. ನಮ್ಮ ಚಳ್ಳಕೆರೆ ಕಡೆಯ ರೈತರೂ ಕೇಳುತ್ತಿದ್ದರು, ಬೆಂಗಳೂರಿನ ಸ್ನೇಹಿತರೂ ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯಲ್ಲಿ ಈ ಅನಿಲ ಸುಮಾರು 280 ಪಿಪಿಎಂ ಇತ್ತು, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 280 ಭಾಗ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರುಮಾಡಿದಾಗ 315ರ ಆಸುಪಾಸು ಇತ್ತು. ಈಗ 420 ದಾಟಿದೆ. ನೀರಿಗೆ ಕಷ್ಟ ಇರುವ ನಮ್ಮಂಥ ಕಡೆ ಇದರಿಂದ ಬೆಳೆಗೆ ಏನಾಗುತ್ತದೆ ಅನ್ನುವುದನ್ನು ನಾನೇ ಬೆಳೆಸಿ ನೋಡಬೇಕು ಅಂತ ಹಟ ಹಿಡಿದೆ.

ಶೇಂಗಾ ಮತ್ತು ರಾಗಿ, ಇವೆರಡನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಶೇಂಗಾ, ಭತ್ತ, ತೊಗರಿ, ಹತ್ತಿ, ಗೋಧಿ ಎಲ್ಲ ಸಿ3 ಗುಂಪಿನವು. ಇವುಗಳ ಎಲೆಯಲ್ಲಿ ಇಂಗಾಲ ಹಿಡಿಯುವ ರುಬಿಸ್ಕೊ ಅನ್ನುವ ಕಿಣ್ವಕ್ಕೆ ಒಂದು ದೌರ್ಬಲ್ಯ ಇದೆ. ಅದು ಇಂಗಾಲದ ಡೈಆಕ್ಸೈಡ್ ಬದಲು ಆಗಾಗ ಆಮ್ಲಜನಕವನ್ನೇ ಹಿಡಿದುಬಿಡುತ್ತದೆ. ಆಗ ಗಿಡ ಮಾಡಿಟ್ಟುಕೊಂಡ ಇಂಗಾಲದಲ್ಲಿ ಸ್ವಲ್ಪ ಭಾಗ ಪೋಲಾಗುತ್ತದೆ. ಬಿಸಿಲು ಏರಿದಷ್ಟೂ ಈ ನಷ್ಟ ಜಾಸ್ತಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ನಷ್ಟ ಕಮ್ಮಿಯಾಗುತ್ತದೆ. ರಾಗಿ, ಜೋಳ, ಸಜ್ಜೆ, ಕಬ್ಬು, ಮೆಕ್ಕೆಜೋಳ ಸಿ4 ಗುಂಪಿನವು. ಇವು ಎಲೆಯ ಒಳಗಿನ ವಿಶೇಷ ಕೋಶಗಳಲ್ಲಿ ಅನಿಲವನ್ನು ಮೊದಲೇ ಒತ್ತಾಗಿ ಸೇರಿಸಿಕೊಂಡು, ಆಮೇಲೆ ರುಬಿಸ್ಕೊಗೆ ಕೊಡುತ್ತವೆ. ಹಾಗಾಗಿ ಹೊರಗೆ ಇನ್ನಷ್ಟು ಸಿಕ್ಕರೂ ಅವಕ್ಕೆ ಹೆಚ್ಚೇನೂ ಅನ್ನಿಸುವುದಿಲ್ಲ. ಪುಸ್ತಕ ಹೇಳುವುದು ಇಷ್ಟು. ನೀರು ಕಮ್ಮಿಯಾದಾಗ ಲೆಕ್ಕ ಬೇರೆಯಾಗುತ್ತದೆ.

ಗಿಡ ಬೆಳೆಸಿದ್ದು ಮೇಲ್ಭಾಗ ತೆರೆದ ಕೋಣೆಗಳಲ್ಲಿ. ಕಬ್ಬಿಣದ ಚೌಕಟ್ಟು, ಸುತ್ತ ಪಾರದರ್ಶಕ ಪಾಲಿಥೀನ್, ಮೇಲೆ ಆಕಾಶ. ಒಣಬೇಸಾಯದ ಸಂಶೋಧನೆ ಮಾಡುವ ಹೈದರಾಬಾದಿನ ಕ್ರಿಡಾ ಸಂಸ್ಥೆಯಲ್ಲೂ ಇಂಥ ಕೋಣೆಗಳಿವೆ. ಸಿಲಿಂಡರ್‌ನಿಂದ ಪೈಪಿನಲ್ಲಿ ಅನಿಲ ಬರುತ್ತದೆ, ಸೆನ್ಸರ್ ನೋಡಿಕೊಂಡು ವಾಲ್ವ್ ತಾನಾಗಿಯೇ ತೆರೆದು ಮುಚ್ಚುತ್ತದೆ. ಹಗಲು ಹೊತ್ತು 550 ಪಿಪಿಎಂ ಇರುವಂತೆ ನೋಡಿಕೊಂಡೆ. ಪಾಲಿಥೀನ್ ಸುತ್ತಿದ ಮೇಲೆ ಒಳಗೆ ಸೆಕೆ ಹೊರಗಿಗಿಂತ ಜಾಸ್ತಿ ಇರುತ್ತದೆ. ಅದಕ್ಕೇ ಅನಿಲ ಬಿಡದ ಕೋಣೆಯೂ ಬೇಕೇ ಬೇಕು. ಬಯಲಿನ ಗಿಡದ ಜೊತೆ ಹೋಲಿಸಿದರೆ ಅನಿಲದ ಪರಿಣಾಮ ಯಾವುದು, ಸೆಕೆಯದ್ದು ಯಾವುದು ಗೊತ್ತಾಗುವುದಿಲ್ಲ. ಮಳೆ ಬಿದ್ದರೆ ನೀರಿನ ಲೆಕ್ಕವೆಲ್ಲ ಕೆಡುತ್ತದೆ. ಹಾಗಾಗಿ ಜನವರಿಯಲ್ಲಿ ಬಿತ್ತಿ ಬೇಸಿಗೆ ಬೆಳೆ ತೆಗೆದೆ. ಮೋಡ ಕವಿದ ದಿನ ಮೇಲೆ ಹೊದಿಸಲು ಹಾಳೆ ಸಿದ್ಧ ಇಟ್ಟುಕೊಂಡಿದ್ದೆ.

ಕುಂಡಗಳ ಬಗ್ಗೆ ಒಂದು ಮಾತು. ಚಿಕ್ಕ ಕುಂಡದಲ್ಲಿ ಬೇರಿಗೆ ಜಾಗ ಸಾಲುವುದಿಲ್ಲ. ಎಲೆ ಮಾಡಿದ ಸಕ್ಕರೆಗೆ ಹೋಗಲು ಜಾಗ ಇಲ್ಲದಿದ್ದರೆ ಗಿಡ ಇಂಗಾಲ ಹಿಡಿಯುವ ಕೆಲಸವನ್ನೇ ತಗ್ಗಿಸುತ್ತದೆ. ಆಗ ಹೆಚ್ಚುವರಿ ಅನಿಲದಿಂದ ಲಾಭವೇ ಇಲ್ಲ ಅಂತ ತಪ್ಪಾಗಿ ಅನ್ನಿಸುತ್ತದೆ. ನಮ್ಮ ಮೇಷ್ಟ್ರು ಇದನ್ನು ಮೊದಲೇ ಹೇಳಿದ್ದರು. ಎರಡು ಆಳು ಹಿಡಿದು ಎತ್ತಬೇಕಾದ ದೊಡ್ಡ ಡ್ರಮ್ಮುಗಳಿಗೇ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದೆ.

ನೀರಿನ ಕೊರತೆ ಮಾಡುವುದು ಅಂದರೆ ಸುಮ್ನೆ ನೀರು ನಿಲ್ಲಿಸುವುದಲ್ಲ. ಎಷ್ಟು ಕೊರತೆ ಅಂತ ಗೊತ್ತಿರಬೇಕು. ಮೊದಲು ಡ್ರಮ್ಮಿಗೆ ನೀರು ತುಂಬಿಸಿ, ತಳದ ತೂತಿನಿಂದ ಸೋರುವುದು ನಿಂತ ಮೇಲೆ ತೂಕ ಮಾಡಬೇಕು. ಮಣ್ಣು ಹಿಡಿದಿಟ್ಟುಕೊಳ್ಳುವ ಪೂರ್ತಿ ನೀರು ಅದು. ಅರ್ಧ ಡ್ರಮ್ಮುಗಳನ್ನು ಆ ಮಟ್ಟಕ್ಕೆ ಹತ್ತಿರ ಇಟ್ಟೆ, ಇನ್ನರ್ಧವನ್ನು ಅದರ ಅರ್ಧದಷ್ಟು ನೀರಿಗೆ ಇಳಿಸಿದೆ. ದಿನಾ ತೂಕ ಮಾಡಿ, ಎಷ್ಟು ಕಮ್ಮಿಯಾಗಿದೆಯೋ ಅಷ್ಟೇ ನೀರು ಹಾಕುವುದು. ಮಣ್ಣಿನ ಮೇಲಿಂದ ನೀರು ಆರದಿರಲಿ ಅಂತ ಪ್ಲಾಸ್ಟಿಕ್ ಚೂರು ಹರಡಿದ್ದೆ. ಗಿಡವಿಲ್ಲದ ಡ್ರಮ್ಮುಗಳೂ ಇದ್ದವು, ಮಣ್ಣಿನಿಂದ ಆರಿದ್ದನ್ನು ಕಳೆಯಲು. ಗಿಡದ ತೂಕವೂ ಬೆಳೆಯುತ್ತಾ ಹೋಗುತ್ತದಲ್ವಾ? ಅದಕ್ಕೆ ನಡುನಡುವೆ ಒಂದೊಂದು ಗಿಡ ಕಿತ್ತು ತೂಗಿ ಲೆಕ್ಕ ಸರಿಮಾಡುತ್ತಿದ್ದೆ. ಬೆನ್ನು ಬಿದ್ದುಹೋಗುವ ಕೆಲಸ. ಆದರೆ ಗಿಡ ಎಷ್ಟು ನೀರು ಕುಡಿಯಿತು, ಅದರಲ್ಲಿ ಎಷ್ಟು ಮೈ ಕಟ್ಟಿತು ಅನ್ನುವುದು ಇಷ್ಟು ನಂಬಿಕೆಯಿಂದ ಬೇರೆ ದಾರಿಯಲ್ಲಿ ಸಿಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಕೆಲಸ ಪತ್ರರಂಧ್ರ, ಅಂದರೆ ಎಲೆಯ ಮೇಲಿನ ಸಣ್ಣ ಸಣ್ಣ ತೂತು, ನೋಡುವುದು. ಇದಕ್ಕೆ ಬೇಕಾದ್ದು ಬಣ್ಣವಿಲ್ಲದ ನೈಲ್ ಪಾಲಿಶ್ ಮತ್ತು ಸೆಲ್ಲೋ ಟೇಪ್. ಎಲೆಯ ಕೆಳಭಾಗಕ್ಕೆ ತೆಳ್ಳಗೆ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಟೇಪ್ ಅಂಟಿಸಿ ಮೆಲ್ಲಗೆ ಎಳೆದರೆ ಎಲೆಯ ಅಚ್ಚು ಬರುತ್ತದೆ. ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶೇಂಗಾದಲ್ಲಿ ಹುರುಳಿ ಬೀಜದ ಆಕಾರದ ಎರಡೆರಡು ಕೋಶ, ನಡುವೆ ಸೀಳು. ರಾಗಿಯಲ್ಲಿ ತುದಿ ದಪ್ಪ, ನಡು ಸಣ್ಣ ಇರುವ ಕೋಶಗಳು, ಗೆರೆ ಎಳೆದ ಹಾಗೆ ಸಾಲಾಗಿ ಕೂತಿರುತ್ತವೆ. ಒಳಗೆ ಅನಿಲ ಬರುವುದೂ, ಹೊರಗೆ ನೀರು ಹೋಗುವುದೂ ಅದೇ ಸೀಳಿನಲ್ಲಿ. 550 ಪಿಪಿಎಂ ಕೋಣೆಯ ಎಲೆಗಳಲ್ಲಿ ಸೀಳು ಕಿರಿದಾಗಿತ್ತು, ಶೇಂಗಾದಲ್ಲೂ ರಾಗಿಯಲ್ಲೂ. ಎಲೆಯಿಂದ ನೀರಿನ ಆವಿ ಎಷ್ಟು ಸಲೀಸಾಗಿ ಹೊರಬರುತ್ತದೆ ಅಂತ ಅಳೆಯುವ ಪೋರೋಮೀಟರ್ ಕೂಡ ಅದನ್ನೇ ತೋರಿಸಿತು. ಬೇಕಾದ ಅನಿಲ ಸುಲಭವಾಗಿ ಸಿಗುವಾಗ ಗಿಡ ಅಷ್ಟು ಅಗಲಕ್ಕೆ ತೆರೆಯುವುದಿಲ್ಲ. ಅಷ್ಟು ನೀರು ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿದೆ. ಆದರೆ ನೀರು ಚೆನ್ನಾಗಿ ಸಿಕ್ಕ ಶೇಂಗಾ ಆ ಕೋಣೆಯಲ್ಲಿ ಬೇಗ ಬೇಗ ಎಲೆ ಬಿಟ್ಟು ಹರಡಿಕೊಂಡಿತು. ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಕಮ್ಮಿ ಬಡಿಸಿದರೂ ಉಣ್ಣುವವರೇ ಜಾಸ್ತಿಯಾದರೆ ಪಾತ್ರೆ ಖಾಲಿಯಾಗುತ್ತದೆ, ಹಾಗಾಯಿತು. ಒಂದು ಎಲೆಗೆ ನೀರು ಉಳಿದರೂ ಇಡೀ ಗಿಡ ಕುಡಿಯುವ ನೀರು ನಾನು ಅಂದುಕೊಂಡಷ್ಟು ಇಳಿಯಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಗೋಡೆಯೇ ಇಲ್ಲದೆ, ಬಯಲಿನಲ್ಲೇ ಅನಿಲ ಬಿಟ್ಟು ಸೋಯಾ ಬೆಳೆಸುತ್ತಾರೆ. ಅಲ್ಲಿ ಎಂಟು ವರ್ಷ ನೋಡಿ 2016ರಲ್ಲಿ ಪ್ರಕಟಿಸಿದ್ದೂ ಇದೇ ಮಾತು: ಬರ ಜೋರಾದ ವರ್ಷಗಳಲ್ಲಿ ಹೆಚ್ಚುವರಿ ಅನಿಲದ ಲಾಭ ಕೈಗೆ ಬರಲೇ ಇಲ್ಲ.

ರಾಗಿಯದ್ದು ಬೇರೆ ನಡೆ. ನೀರು ಸಾಕಷ್ಟಿದ್ದಾಗ ಎರಡೂ ಕೋಣೆಯ ರಾಗಿ ಹೆಚ್ಚುಕಮ್ಮಿ ಒಂದೇ ತರ. ತೆಂಡೆಯಲ್ಲೂ (ಬುಡದಿಂದ ಒಡೆಯುವ ಕವಲು) ಇಲುಕಿನಲ್ಲೂ (ತೆನೆಯ ಬೆರಳು) ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನೀರು ಕಡಿಮೆ ಮಾಡಿದಾಗ ಗೊತ್ತಾಯಿತು. ಮಾಮೂಲಿ ಗಾಳಿಯ ರಾಗಿ ಬೆಳಗಿನ ಹೊತ್ತೇ ಎಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. 550 ಪಿಪಿಎಂನಲ್ಲಿದ್ದದ್ದು ಮಧ್ಯಾಹ್ನದವರೆಗೂ ತಾಳುತ್ತಿತ್ತು. ತೆನೆಯಲ್ಲಿ ಜೊಳ್ಳೂ ಕಮ್ಮಿ. ಅರಿಜೋನಾದಲ್ಲಿ 1998, 1999ರಲ್ಲಿ ಜೋಳದ ಮೇಲೆ ಮಾಡಿದ ಬಯಲು ಪ್ರಯೋಗದಲ್ಲೂ ಇಳುವರಿ ಏರಿದ್ದು ನೀರು ಕಡಿಮೆ ಕೊಟ್ಟ ತಾಕುಗಳಲ್ಲೇ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ ಅನ್ನುವುದು ನನ್ನ ಬೇಸರ. ಎಲೆ ತಣ್ಣಗಿರುವುದೇ ನೀರು ಆವಿಯಾಗಿ ಹೋಗುವುದರಿಂದ. ಪತ್ರರಂಧ್ರ ಕಿರಿದಾದರೆ ನೀರು ಉಳಿಯುತ್ತದೆ, ಎಲೆ ಬಿಸಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದರೆ ಹೆಚ್ಚು ಅನಿಲ, ಕಮ್ಮಿ ನೀರು ಎರಡೂ ಇದ್ದ ಶೇಂಗಾದ ಎಲೆಯೇ ಎಲ್ಲಕ್ಕಿಂತ ಬಿಸಿ. ಶೇಂಗಾ ಹೂವು ಸೆಕೆಗೆ ತುಂಬಾ ಸೂಕ್ಷ್ಮ. ಹೂವು ಬೇಕಾದಷ್ಟು ಬಂದರೂ ಕಾಯಿ ನಿಲ್ಲುವುದಿಲ್ಲ. ಈ ಅನಿಲದ ಜೊತೆಗೇ ಸೆಕೆಯೂ ಏರುತ್ತಿರುವಾಗ ಒಂದರ ಲಾಭ ಮಾತ್ರ ಹೇಳಿ ಇನ್ನೊಂದನ್ನು ಬಿಡುವುದು ರೈತರಿಗೆ ಮಾಡುವ ಅನ್ಯಾಯ.

ಕಾಳಿನ ಸತ್ವವೂ ಯೋಚಿಸಬೇಕಾದ್ದು. ಹಲವು ದೇಶಗಳ ಹೊಲದ ಪ್ರಯೋಗಗಳನ್ನು ಸೇರಿಸಿ 2014ರಲ್ಲಿ ಒಂದು ಅಧ್ಯಯನ ಬಂತು. ಸುಮಾರು 550 ಪಿಪಿಎಂನಲ್ಲಿ ಬೆಳೆದ ಗೋಧಿಯಲ್ಲಿ ಸತು ಶೇ. 9ರಷ್ಟು, ಪ್ರೋಟೀನ್ ಶೇ. 6ರಷ್ಟು, ಕಬ್ಬಿಣ ಶೇ. 5ರಷ್ಟು ಇಳಿದಿತ್ತು. ಭತ್ತದಲ್ಲೂ ಇಳಿದಿತ್ತು. ಬೇರುಗಂಟಿನಲ್ಲಿ ಸಾರಜನಕ ಹಿಡಿಯುವ ದ್ವಿದಳ ಬೆಳೆಗಳಲ್ಲಿ ಪ್ರೋಟೀನ್ ಅಷ್ಟಾಗಿ ಇಳಿಯುವುದಿಲ್ಲ. ಜೋಳದಂಥ ಸಿ4 ಬೆಳೆಗೂ ಪೆಟ್ಟು ಕಮ್ಮಿ. ಅಕ್ಕಿಯೊಂದನ್ನೇ ನಂಬಿಕೊಂಡ ಮನೆಗಿಂತ ಮುದ್ದೆ, ರೊಟ್ಟಿ, ಬೇಳೆ ಉಣ್ಣುವ ಮನೆಗೆ ಇಲ್ಲಿ ಸ್ವಲ್ಪ ಧೈರ್ಯ ಇದೆ ಅಂತ ನನಗೆ ಅನ್ನಿಸುತ್ತದೆ.

ಊರಿಗೆ ಹೋದಾಗ ಅಪ್ಪ ಕೇಳಿದ್ದು ನೇರ ಪ್ರಶ್ನೆ. "ಹೊಂಡದಾಗೆ ಒಂದು ಸಲಕ್ಕಾಗುವಷ್ಟು ನೀರೈತೆ. ಯಾವಾಗ ಬಿಡಬೇಕು ಹೇಳು."

ಡ್ರಮ್ಮುಗಳಿಂದ ಶೇಂಗಾ ಕಿತ್ತಾಗ ನೋಡಿದ್ದು ನೆನಪಿತ್ತು. ಬಿತ್ತಿದ ಒಂದು ತಿಂಗಳ ಹೊತ್ತಿಗೆ ಸ್ವಲ್ಪ ಒಣಗಿದ ಗಿಡಗಳು ಆಮೇಲೆ ಸುಧಾರಿಸಿಕೊಂಡಿದ್ದವು, ಬೇರೂ ಆಳಕ್ಕೆ ಇಳಿದಿತ್ತು. ಹೂವಿನ ಬುಡದಿಂದ ಸೂಜಿ, ಅಂದರೆ ತುದಿಯಲ್ಲಿ ಕಾಯಿ ಕಟ್ಟುವ ಚೂಪು ತೊಟ್ಟು, ಮಣ್ಣಿಗೆ ಇಳಿಯುವ ಹೊತ್ತಿನಲ್ಲಿ ಒಣಗಿದ್ದವು ಸುಧಾರಿಸಲೇ ಇಲ್ಲ. ಗಟ್ಟಿಯಾದ ಮೇಲ್ಮಣ್ಣಿಗೆ ತಾಗಿ ಸೂಜಿಗಳು ಅಲ್ಲೇ ಕಪ್ಪಾಗಿ ನಿಂತಿದ್ದವು. ಹೆಚ್ಚು ಅನಿಲ ಕೊಟ್ಟ ಗಿಡಗಳಲ್ಲೂ ಹಾಗೇ. ಎಲೆ ಮಾಡಿಟ್ಟ ಸಕ್ಕರೆಗೆ ಹೋಗಲು ಕಾಯಿಯೇ ಇರಲಿಲ್ಲ.

"ಸೂಜಿ ಇಳಿಯೋಕೆ ಶುರುವಾದಾಗ ಬಿಡಪ್ಪ, ಅಲ್ಲಿಯವರೆಗೆ ಸ್ವಲ್ಪ ಬಾಡಿದರೂ ತಡ್ಕೊ" ಅಂದೆ. ಮೇಲ್ಮಣ್ಣು ಮೆತ್ತಗಾಗುವಷ್ಟು ಸ್ಪ್ರಿಂಕ್ಲರ್‌ನಲ್ಲಿ ಕೊಟ್ಟರೆ ಸಾಕು, ಸಾಲಿನಲ್ಲಿ ಹಾಯಿಸುವುದು ಬೇಡ ಅಂತಲೂ ಹೇಳಿದೆ. ಬದುವಿನ ಪಕ್ಕದ ನಾಲ್ಕು ಸಾಲಿಗೆ ನೀರು ಬಿಡದೆ ಹಾಗೇ ಉಳಿಸಲು ಕೇಳಿಕೊಂಡಿದ್ದೇನೆ. ಕೀಳುವಾಗ ಎರಡೂ ಕಡೆಯ ಕಾಯಿ ಬೇರೆ ಬೇರೆ ತೂಗಬೇಕು.