ಯುದ್ಧವೋ, ಭಯೋತ್ಪಾದನೆಯೋ: ಗುರುತಿಸುವುದು ಹೇಗೆ?

ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತಾಗಲೆಲ್ಲ ಒಂದೇ ಎಡವಟ್ಟನ್ನು ಕಂಡಿದ್ದೇನೆ: ದಾಳಿ ಮಾಡಿದವರ ಮೈಮೇಲೆ ಸಮವಸ್ತ್ರವಿದ್ದರೆ ಯುದ್ಧ, ಇಲ್ಲದಿದ್ದರೆ ಭಯೋತ್ಪಾದನೆ ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಸೆರೆಸಿಕ್ಕವನಿಗೆ ಯುದ್ಧಕೈದಿಯ ಹಕ್ಕುಗಳು ಸಿಗುತ್ತವೆಯೇ ಎಂಬುದಕ್ಕೆ ಸಮವಸ್ತ್ರ ಮುಖ್ಯವೇ ಹೊರತು ಈ ಪ್ರಶ್ನೆಗಲ್ಲ. ‘ಒಬ್ಬರ ಭಯೋತ್ಪಾದಕ ಇನ್ನೊಬ್ಬರ ಸ್ವಾತಂತ್ರ್ಯ ಹೋರಾಟಗಾರ’ ಎಂಬ ಸವಕಲು ಮಾತನ್ನಂತೂ ಬಾಗಿಲ ಹೊರಗೇ ಬಿಟ್ಟು ಬನ್ನಿ.

ಮೊದಲ ಹೆಜ್ಜೆ ಸುಲಭ. ಅಲ್ಲಿ ಸಶಸ್ತ್ರ ಸಂಘರ್ಷ ನಡೆಯುತ್ತಿತ್ತೇ ಎಂದು ನೋಡಿ. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದವರ ಮೇಲೆ ಗುಂಡು ಹಾರಿಸಿದ ಪ್ರಕರಣ ಇಲ್ಲಿಗೇ ಇತ್ಯರ್ಥವಾಗುತ್ತದೆ: ಅಲ್ಲಿ ಯುದ್ಧವೇ ಇರಲಿಲ್ಲ, ಅದು ಭಯೋತ್ಪಾದನೆ.

ಎರಡನೆಯದು ಗುರಿ. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ ಪ್ರಕಾರ, ಶತ್ರುವಿನ ಸೇನಾ ಕಾರ್ಯಾಚರಣೆಗೆ ನೆರವಾಗುವ, ನಾಶಪಡಿಸಿದರೆ ನಿಶ್ಚಿತ ಸೇನಾ ಲಾಭ ಸಿಗುವ ವಸ್ತು ಮಾತ್ರ ಗುರಿಯಾಗಬಹುದು.

ಎಲ್ಲರೂ ಮುಗ್ಗರಿಸುವುದು ಮೂರನೇ ಹೆಜ್ಜೆಯಲ್ಲಿ. ಕೊಲ್ಲಿ ಯುದ್ಧದ ವೇಳೆ, 1991ರ ಫೆಬ್ರುವರಿ 13ರ ನಸುಕಿನಲ್ಲಿ, ಇರಾಕ್‌ನ ಬಾಗ್ದಾದ್‌ನ ಅಮಿರಿಯಾ ಆಶ್ರಯತಾಣದ ಮೇಲೆ ಅಮೆರಿಕ ಎರಡು ಲೇಸರ್ ನಿರ್ದೇಶಿತ ಬಾಂಬುಗಳನ್ನು ಹಾಕಿತು. ಒಳಗೆ ರಾತ್ರಿ ಕಳೆಯುತ್ತಿದ್ದ 400ಕ್ಕೂ ಹೆಚ್ಚು ನಾಗರಿಕರು ಸತ್ತರು. ಅದು ಸೇನಾ ನಿಯಂತ್ರಣ ಕೇಂದ್ರವೆಂದು ನಂಬಿದ್ದೆವು ಎಂಬುದು ಅಮೆರಿಕದ ಸಮಜಾಯಿಷಿ. ಹೆಣಗಳನ್ನು ಎಣಿಸಿ ತೀರ್ಪು ಹೇಳುವ ಅಡ್ಡದಾರಿ ಇಲ್ಲಿ ಕೆಲಸಕ್ಕೆ ಬಾರದು. ಆದೇಶ ಕೊಡುವ ಹೊತ್ತಿಗೆ ಸೇನಾಧಿಕಾರಿಗೆ ಏನು ಗೊತ್ತಿತ್ತು, ಏನು ಗೊತ್ತಿರಬೇಕಿತ್ತು, ನಾಗರಿಕರಿಗೆ ಆಗಬಹುದಾದ ಹಾನಿ ಸೇನಾ ಲಾಭಕ್ಕಿಂತ ಮಿತಿಮೀರಿತ್ತೇ, ಮುನ್ನೆಚ್ಚರಿಕೆ ಕೊಡಲು ಸಾಧ್ಯವಿತ್ತೇ ಎಂದು ಒಂದೊಂದಾಗಿ ಕೇಳಬೇಕು. ಉತ್ತರಗಳು ಸೇನೆಗೆ ವಿರುದ್ಧವಾಗಿಯೇ ಬಂದರೂ ಅದು ಭಯೋತ್ಪಾದನೆ ಎನಿಸದೆ ಯುದ್ಧಾಪರಾಧವಾಗಬಹುದು. ಈ ಮೂರನೇ ಕೋಣೆ ಇರುವುದೇ ಸ್ಪರ್ಧಿಗಳಿಗೆ ನೆನಪಾಗುವುದಿಲ್ಲ.

ಹಾಗಾದರೆ ಯುದ್ಧದ ನಡುವೆಯೂ ಭಯೋತ್ಪಾದನೆ ಎನ್ನುವುದು ಯಾವಾಗ? ನಾಗರಿಕರಲ್ಲಿ ಭೀತಿ ಹರಡುವುದೇ ದಾಳಿಯ ಮುಖ್ಯ ಉದ್ದೇಶವಾದಾಗ. ಅದೇ ಪ್ರೋಟೋಕಾಲ್‌ನ 51ನೇ ವಿಧಿ ಅದನ್ನು ನಿಷೇಧಿಸುತ್ತದೆ. ಉದ್ದೇಶವನ್ನು ಭಾಷಣಗಳಲ್ಲಿ ಹುಡುಕಬೇಡಿ, ದಾಳಿಗಳ ಜಾಡಿನಲ್ಲಿ ಹುಡುಕಿ. 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕ ಸರಾಯೆವೊ ನಗರದಲ್ಲಿ ನೀರು ತರಲು ಹೋದವರು, ಟ್ರಾಮ್‌ನಲ್ಲಿ ಕೂತವರು, ಶವಸಂಸ್ಕಾರಕ್ಕೆ ನಿಂತವರು ಗುಂಡಿಗೆ ಗುರಿಯಾದರು. ಹತ್ತಿರದಲ್ಲಿ ಸೈನಿಕರಿರದ ಕಡೆಯೂ, ತಿಂಗಳುಗಟ್ಟಲೆ. ಅಲ್ಲಿನ ಬೋಸ್ನಿಯನ್ ಸರ್ಬ್ ಪಡೆಯ ದಂಡನಾಯಕ ಸ್ತಾನಿಸ್ಲಾವ್ ಗಾಲಿಚ್ ಸಮವಸ್ತ್ರ ತೊಟ್ಟ ಜನರಲ್. ಹಿಂದಿನ ಯುಗೋಸ್ಲಾವಿಯಕ್ಕಾಗಿ ರಚಿಸಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಆತನನ್ನು ನಾಗರಿಕರ ಮೇಲೆ ಭೀತಿ ಹೇರಿದ ಅಪರಾಧಕ್ಕೆ ದೋಷಿ ಎಂದಿತು. 20 ವರ್ಷಗಳ ಶಿಕ್ಷೆ 2006ರ ಮೇಲ್ಮನವಿಯಲ್ಲಿ ಜೀವಾವಧಿಯಾಯಿತು.

ವಿಶ್ವಸಂಸ್ಥೆಯ ವ್ಯಾಖ್ಯಾನವನ್ನೇ ತಂದು ಅಂಟಿಸುತ್ತೇನೆ ಎನ್ನುವವರಿಗೊಂದು ಮಾತು: ಭಯೋತ್ಪಾದನೆ ಕುರಿತು ಭಾರತ 1996ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು, ವಿಮೋಚನಾ ಹೋರಾಟಗಳನ್ನೂ ಸರ್ಕಾರಿ ಸೇನೆಗಳನ್ನೂ ಎಲ್ಲಿಡಬೇಕೆಂಬ ತಕರಾರಿನಲ್ಲಿ ಸಿಲುಕಿ ಇನ್ನೂ ಅಂಗೀಕಾರವಾಗಿಲ್ಲ.

ಕೊನೆಯ ಹೆಜ್ಜೆಯಾಗಿ ಎರಡೂ ಪಕ್ಷಗಳ ಹೆಸರನ್ನು ಅದಲುಬದಲು ಮಾಡಿ ನೋಡಿ. ನಿಮ್ಮ ಉತ್ತರವೂ ಬದಲಾದರೆ ಎರಡನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ.