ಗುಳಿಗೆ ಎಲ್ಲಿ ಇಡುತ್ತೀರಿ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಎದುರು ಕುಳಿತವರಿಗೆಲ್ಲ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಗುಳಿಗೆ ತಪ್ಪದೆ ತೆಗೆದುಕೊಂಡಿರಾ?’ ಎಂಬುದು. ಅದಕ್ಕೆ ಇಲ್ಲ ಎಂದವರನ್ನು ನಾನು ಕಂಡಿಲ್ಲ. ‘ಪಾಠ ಓದಿಕೊಂಡು ಬಂದೆಯಾ?’ ಎಂದು ಮೇಷ್ಟರು ಕೇಳಿದಾಗ ಮಕ್ಕಳು ತಲೆಯಾಡಿಸುತ್ತಾರಲ್ಲ, ಹಾಗೆ ಎಲ್ಲರೂ ತಲೆಯಾಡಿಸುತ್ತಿದ್ದರು. ಈಗ ಆ ಪ್ರಶ್ನೆ ಬಿಟ್ಟಿದ್ದೇನೆ. ‘ಗುಳಿಗೆ ಎಲ್ಲಿ ಇಡುತ್ತೀರಿ?’ ಎನ್ನುತ್ತೇನೆ. ಅಕ್ಕಿ ಡಬ್ಬಿಯೊಳಗೆ, ಕೊಟ್ಟಿಗೆಯ ಮಾಡಿನಲ್ಲಿ, ಬೈಕಿನ ಸೀಟಿನ ಕೆಳಗೆ, ಎಲೆಯಡಿಕೆ ಸಂಚಿಯಲ್ಲಿ, ಹೊಲಿಗೆ ಯಂತ್ರದ ಸಣ್ಣ ಪೆಟ್ಟಿಗೆಯಲ್ಲಿ. ಉತ್ತರ ಬಂದ ಮೇಲೆ ಮನೆಯ ಕಥೆ ತಾನಾಗಿ ಹಿಂದೆಯೇ ಬರುತ್ತದೆ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಎಚ್‌ಐವಿ ಸೋಂಕಿತರ ಆಪ್ತಸಮಾಲೋಚಕಿ. ಇಲ್ಲಿ ಬರುವವರ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯೂ ಅದನ್ನೇ ಹೇಳುತ್ತದೆ. ಕಾಯ್ದೆ ಇರದಿದ್ದರೂ ಹಾಗೆಯೇ ಮಾಡುತ್ತಿದ್ದೆ.

ದೇಶದಲ್ಲಿ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಗುಳಿಗೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ನಾನು ಬಂದದ್ದು ಅದಾದ ಕೆಲವು ವರ್ಷಗಳಿಗೆ. ಸಿಡಿ4 ಎಣಿಕೆ, ಅಂದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳ ಲೆಕ್ಕ, ಕುಸಿಯುವವರೆಗೆ ಗುಳಿಗೆ ಶುರು ಮಾಡುವಂತಿಲ್ಲದ ಕಾಲ ಅದು. ‘ಇನ್ನೂ ನಿಮಗೆ ಅಷ್ಟು ಹದಗೆಟ್ಟಿಲ್ಲ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಜನರನ್ನು ವಾಪಸು ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ಹಾಗೆ ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. 2017ರಲ್ಲಿ ಸೋಂಕು ದೃಢಪಟ್ಟವರಿಗೆಲ್ಲ ಚಿಕಿತ್ಸೆ ಎಂಬ ನೀತಿ ಬಂದಾಗ ನನಗೆ ಖುಷಿಗಿಂತ ಮೊದಲು ನೆನಪಾದದ್ದು ಅವರೇ.

ಆಗಿನ ಗುಳಿಗೆಗಳಲ್ಲಿ ಸ್ಟಾವುಡಿನ್ ಎಂಬುದೊಂದಿತ್ತು. ಜೀವ ಉಳಿಸಿತು, ಸುಳ್ಳಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಹಲವರ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು. ಮನೆಯವರಿಗೂ ಹೇಳದೆ ಮುಚ್ಚಿಟ್ಟ ಗುಟ್ಟನ್ನು ಔಷಧಿಯೇ ಮುಖದ ಮೇಲೆ ಬರೆದಂತೆ. ಇನ್ನು ಕೆಲವರಿಗೆ ಪಾದದ ನರಗಳು ಸೋತು ಉರಿ, ಜೋಮು. ನಮ್ಮಲ್ಲಿ ಒಬ್ಬರು ಅಡಿಕೆ ಮರ ಹತ್ತುವ ಕೊನೆಗಾರರು. ‘ಕಾಲಿಗೆ ಕಟ್ಟಿದ ಹಗ್ಗ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಗೊತ್ತಾಗುವುದಿಲ್ಲ ಮೇಡಂ’ ಎಂದರು. ನಾನು ನನ್ನ ನಮೂನೆಯಲ್ಲಿ ‘ಪಾದ ಜೋಮು’ ಎಂದು ಎರಡು ಪದ ಬರೆದುಕೊಂಡೆ. ಮರದ ತುದಿಯಲ್ಲಿ ಆ ಎರಡು ಪದಗಳ ಅರ್ಥ ಏನು ಎಂದು ಹೊಳೆದದ್ದು ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ. ಮರುದಿನವೇ ವೈದ್ಯರಿಗೆ ಹೇಳಿದೆ. ಅವರ ಗುಳಿಗೆ ಬದಲಾಯಿತು. ಮುಂದೆ ಸ್ಟಾವುಡಿನ್ ಕಾರ್ಯಕ್ರಮದಿಂದಲೇ ಹೋಯಿತು.

ಆಮೇಲಿನ ವರ್ಷಗಳಲ್ಲಿ ಬಂದ ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆನ್ಜ್ ಮೂರೂ ಸೇರಿದ ಒಂದೇ ಗುಳಿಗೆ ನಮಗೆ ಹಬ್ಬದಂತಿತ್ತು. ದಿನಕ್ಕೊಂದು, ರಾತ್ರಿ ಮಲಗುವಾಗ. ನಾನು ಅತಿ ದೊಡ್ಡ ತಪ್ಪು ಮಾಡಿದ್ದೂ ಆ ಗುಳಿಗೆಯ ಕಾಲದಲ್ಲಿಯೇ.

ಸೋಂಕಿತರು ಪ್ರತಿ ಬಾರಿ ಬರುವಾಗ ಡಬ್ಬಿ ತರಬೇಕು, ಉಳಿದ ಗುಳಿಗೆಗಳನ್ನು ನಾವು ಎಣಿಸುತ್ತೇವೆ. ನುಂಗಬೇಕಾದ ಗುಳಿಗೆಗಳಲ್ಲಿ ನುಂಗಿದ್ದು ನೂರಕ್ಕೆ 95ಕ್ಕಿಂತ ಕಡಿಮೆಯಾಗಬಾರದು ಎಂಬುದು ಲೆಕ್ಕ. ಕೇಳಲು ಧಾರಾಳವಾಗಿ ಕಾಣುತ್ತದೆ, ಆದರೆ ತಿಂಗಳ ಮೂವತ್ತರಲ್ಲಿ ಎರಡು ತಪ್ಪಿದರೆ 93ಕ್ಕೆ ಇಳಿದಾಯಿತು. ತೋಟದ ಊರಿನಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಲೆಕ್ಕ ಮಾತ್ರ ಒಂದು ಸಲವೂ ತಪ್ಪುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿ ಇದ್ದವರು. ಬೇರೆಯವರ ಎದುರಿಗೇ ‘ಇವರನ್ನು ನೋಡಿ ಕಲಿಯಿರಿ’ ಎಂದಿದ್ದೆ. ವೈರಲ್ ಲೋಡ್ ಪರೀಕ್ಷೆ ಎಲ್ಲರಿಗೂ ಸಿಗತೊಡಗಿದ ಮೇಲೆ ಅವರ ವರದಿ ಬಂತು. ಮಿಲಿಲೀಟರ್ ರಕ್ತದಲ್ಲಿ ವೈರಸ್ ಸಾವಿರಕ್ಕಿಂತ ಕೆಳಗಿರಬೇಕಿತ್ತು. ಅವರದು ಹತ್ತಾರು ಸಾವಿರ.

ಬಾಗಿಲು ಹಾಕಿ ಕುಳಿತೆ. ಬೈಯಲಿಲ್ಲ. ಆ ವೇಳೆಗೆ ಬೈಗುಳದಿಂದ ಪ್ರಯೋಜನವಿಲ್ಲ ಎಂಬಷ್ಟು ಕಲಿತಿದ್ದೆ. ಎಲ್ಲಿ ಇಡುತ್ತೀರಿ ಎಂದು ಕೇಳಿದ್ದು ಅಂದೇ ಮೊದಲು. ಅಕ್ಕಿ ಡಬ್ಬಿಯಲ್ಲಿ ಎಂದರು. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸುಗ್ಗಿಯಲ್ಲಿ ಮಲಗುವುದೆಲ್ಲಿ ಅಕ್ಕಾ?’ ಎಂದರು. ಅಡಿಕೆ ಕೊನೆಯ, ಅಂದರೆ ಗೊನೆಯ, ಕೊಯ್ಲು ಶುರುವಾದರೆ ಸಂಜೆಯಿಂದ ನಡುರಾತ್ರಿಯವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಎದುರಿಗೆ ಮೆಟ್ಟುಗತ್ತಿ. ಎಫಾವಿರೆನ್ಜ್ ನುಂಗಿದ ಒಂದೆರಡು ಗಂಟೆಗೆ ತಲೆ ತೇಲಿದಂತಾಗುತ್ತದೆ. ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ಅದು ಕಡಿಮೆಯಾಗುತ್ತದೆ, ಇವರಿಗೆ ಆಗಿರಲಿಲ್ಲ. ಒಂದು ರಾತ್ರಿ ಹೆಬ್ಬೆರಳು ಕುಯ್ದುಕೊಂಡ ಮೇಲೆ ಸುಗ್ಗಿ ಮುಗಿಯುವವರೆಗೆ ಗುಳಿಗೆ ನಿಲ್ಲಿಸಿದರು.

‘ಮತ್ತೆ ಡಬ್ಬಿಯಲ್ಲಿ ಲೆಕ್ಕ ಸರಿಯಾಗಿ ಇರುತ್ತಿತ್ತಲ್ಲ?’

‘ನೀವು ಎಣಿಸುತ್ತೀರಲ್ಲ ಅಕ್ಕಾ. ಅದಕ್ಕೇ ನಾನೂ ಎಣಿಸುತ್ತಿದ್ದೆ. ಉಳಿದದ್ದನ್ನು ಬಚ್ಚಲ ಒಲೆಗೆ ಹಾಕುತ್ತಿದ್ದೆ.’

ನನ್ನ ಹೊಗಳಿಕೆಯೇ ಅವರ ಬಾಯಿ ಮುಚ್ಚಿಸಿತ್ತು. ಎಲ್ಲರೆದುರು ಮಾದರಿ ಎನಿಸಿಕೊಂಡವರು ‘ನನ್ನಿಂದ ಆಗುತ್ತಿಲ್ಲ’ ಎಂದು ಹೇಗೆ ಹೇಳಿಯಾರು? ವೈದ್ಯಾಧಿಕಾರಿಯೊಂದಿಗೆ ಮಾತನಾಡಿ, ಸುಗ್ಗಿಯಿರಲಿ ಮಳೆಗಾಲವಿರಲಿ, ಕೈತೊಳೆದು ಹಾಸಿಗೆಗೆ ಹೋಗುವ ಹೊತ್ತಿಗೇ ಗುಳಿಗೆ ಎಂದು ನಿಗದಿ ಮಾಡಿದೆವು. ನಾವು ಮೊದಲು ಹೇಳಿದ್ದ ರಾತ್ರಿ ಒಂಬತ್ತು ಗಂಟೆ ಎಂಬುದು ನಮ್ಮ ಅನುಕೂಲದ ಗಡಿಯಾರ, ಅವರದಲ್ಲ. ತಿಂಗಳಿಗೊಮ್ಮೆಯಂತೆ ಮೂರು ಬಾರಿ ಕೂಡಿಸಿಕೊಂಡು ಮಾತನಾಡಿ ಮತ್ತೆ ರಕ್ತ ಕಳಿಸಿದೆವು. ವೈರಸ್ ಸಾವಿರದ ಕೆಳಗೆ ಇಳಿದಿತ್ತು. ಎಫಾವಿರೆನ್ಜ್‌ನಂಥ ಔಷಧಿಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ವೈರಸ್ ಅದನ್ನು ಎದುರಿಸಲು ಬೇಗ ಕಲಿತುಬಿಡುತ್ತದೆ. ಹಾಗಾಗಿ ಅದರಲ್ಲಿ ನಮ್ಮ ಜಾಣತನಕ್ಕಿಂತ ಅವರ ಅದೃಷ್ಟವೇ ಹೆಚ್ಚು ಎಂದು ನಾನು ಇಂದಿಗೂ ನಂಬಿದ್ದೇನೆ.

ದೂರದ ವಿಷಯದಲ್ಲಿಯೂ ನನ್ನ ಅಂದಾಜು ತಪ್ಪಿತ್ತು. ಶರಾವತಿ ಹಿನ್ನೀರಿನ ಆಚೆಯಿಂದ ಬರುವವರೊಬ್ಬರಿಗೆ ಲಾಂಚು ಹತ್ತಿ, ಬಸ್ಸು ಹಿಡಿದು ಬಂದು ಹೋಗಲು ಇಡೀ ದಿನ ಬೇಕಿತ್ತು, ಆ ದಿನದ ಕೂಲಿಯೂ ಹೋಗುತ್ತಿತ್ತು. ಹತ್ತಿರದಲ್ಲೇ ಗುಳಿಗೆ ಕೊಡುವ ಲಿಂಕ್ ಕೇಂದ್ರಕ್ಕೆ ನಿಮ್ಮ ಕಾರ್ಡ್ ವರ್ಗಾಯಿಸುತ್ತೇನೆ ಎಂದು ಉತ್ಸಾಹದಿಂದ ಹೇಳಿದೆ. ಅವರು ಕೈಮುಗಿದರು. ‘ಅಲ್ಲಿ ನಮ್ಮೂರ ಹುಡುಗಿ ಕೆಲಸಕ್ಕಿದ್ದಾಳೆ. ದೂರವೇ ನನಗೆ ಬಾಗಿಲು ಮೇಡಂ, ಅದನ್ನು ತೆಗೆಯಬೇಡಿ.’ ಅವರ ದೂರವನ್ನು ಹಾಗೆಯೇ ಬಿಟ್ಟು, ಬರುವ ಸಂಖ್ಯೆಯನ್ನು ಕಡಿಮೆ ಮಾಡುವ ದಾರಿ ಹುಡುಕಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಒಮ್ಮೆಗೇ ಮೂರು ತಿಂಗಳ ಗುಳಿಗೆ ಕೊಡಲು ಅವಕಾಶ ಸಿಕ್ಕಾಗ ಹೆಚ್ಚು ನೆಮ್ಮದಿಯಾದದ್ದು ಇಂಥವರಿಗೆ. 2025ರ ಜುಲೈನಲ್ಲಿ ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಲಾಂಚಿನಲ್ಲಿ ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳುವವರ ಕಾಟ ತಪ್ಪಿತು ಎಂಬುದೇ ಅವರಿಗೆ ದೊಡ್ಡ ಸಮಾಧಾನ.

ಮಲೆನಾಡಿನ ಮಳೆಯದು ಬೇರೆಯೇ ಕಥೆ. ಸದ್ದಾಗುತ್ತದೆ ಎಂದು ಡಬ್ಬಿಯಿಂದ ತೆಗೆದು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟುಕೊಳ್ಳುತ್ತಾರೆ. ಆಷಾಢದಲ್ಲಿ ಗುಳಿಗೆ ತೇವ ಹೀರುತ್ತದೆ. ಡಬ್ಬಿಯೊಳಗೆ ಒಂದು ಚೂರು ಹತ್ತಿ ತುರುಕಿ, ಸದ್ದು ನಿಲ್ಲುತ್ತದೆ ಎನ್ನುತ್ತೇನೆ. ಯಾವ ತರಬೇತಿಯಲ್ಲೂ ಕಲಿಸದ ಈ ಮಾತು ನನಗೆ ಒಬ್ಬ ಅಜ್ಜಿಯಿಂದ ಸಿಕ್ಕಿದ್ದು.

ಈಗಿನ ಗುಳಿಗೆಯಲ್ಲಿ ಎಫಾವಿರೆನ್ಜ್ ಜಾಗಕ್ಕೆ ಡೊಲುಟೆಗ್ರವಿರ್ ಬಂದಿದೆ. ತಲೆ ತೇಲುವ ತೊಂದರೆ ಇಲ್ಲ, ಹಗಲಲ್ಲೂ ನುಂಗಬಹುದು, ವೈರಸ್ ಅದನ್ನು ಸುಲಭವಾಗಿ ಮಣಿಸಲಾರದು. ಹಾಗೆಂದು ನನ್ನ ಕೆಲಸ ಕಡಿಮೆಯಾಗಿಲ್ಲ. ಮೂವತ್ತರ ವಯಸ್ಸಿನಲ್ಲಿ ಬಂದವರಿಗೆ ಈಗ ಐವತ್ತು ಸಮೀಪಿಸಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿ ನೋವು ಎಲ್ಲವೂ ಬಂದಿವೆ. ಅವಕ್ಕೆಲ್ಲ ಬೇರೆ ವೈದ್ಯರ ಬಳಿ ಹೋಗುತ್ತಾರೆ, ಅಲ್ಲಿ ಈ ಗುಳಿಗೆಯ ಮಾತು ಎತ್ತುವುದಿಲ್ಲ. ಹೊಟ್ಟೆಯುರಿಯ ಆಂಟಾಸಿಡ್ ಜೊತೆಗೆ ನುಂಗಿದರೆ ಡೊಲುಟೆಗ್ರವಿರ್ ಮೈಗೆ ಹತ್ತುವುದಿಲ್ಲ; ಆಂಟಾಸಿಡ್‌ಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಡೊಲುಟೆಗ್ರವಿರ್ ತೆಗೆದುಕೊಳ್ಳಬೇಕು. ಹಾಗಾಗಿ ಈಗ ‘ಬೇರೆ ಚೀಟಿಗಳನ್ನೂ ತನ್ನಿ’ ಎನ್ನುತ್ತೇನೆ. ತರುವವರು ಕಡಿಮೆ.

ಆ ಕೊನೆಗಾರರು ತಂದರು. ಖಾಸಗಿ ವೈದ್ಯರೊಬ್ಬರು ಸಕ್ಕರೆ ಕಾಯಿಲೆಗೆ ಬರೆದ ಮೆಟ್‌ಫಾರ್ಮಿನ್ ದಿನಕ್ಕೆ ಎರಡು ಸಾವಿರ ಮಿಲಿಗ್ರಾಂ. ಡೊಲುಟೆಗ್ರವಿರ್ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣವನ್ನು ಏರಿಸುವುದರಿಂದ ಸಾವಿರ ದಾಟಬಾರದು. ಆ ವೈದ್ಯರಿಗೆ ತಿಳಿಸೋಣವೇ ಎಂದರೆ, ‘ಅವರು ನಮ್ಮೂರ ದೇವಸ್ಥಾನದ ಸಮಿತಿಯಲ್ಲಿದ್ದಾರೆ’ ಎಂದರು. ಅಲ್ಲಿಗೆ ಮಾತು ನಿಂತಿತು. ನಮ್ಮ ವೈದ್ಯಾಧಿಕಾರಿಯೇ ಪ್ರಮಾಣ ಇಳಿಸಿ, ಸಕ್ಕರೆ ಕಾಯಿಲೆಯನ್ನೂ ಇಲ್ಲೇ ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು.

ಅವರು ಈಗ ಮರ ಹತ್ತುವುದಿಲ್ಲ. ಕೆಳಗೆ ನಿಂತು ಉದ್ದನೆಯ ದೋಟಿಯಲ್ಲಿ ಕೊನೆ ಇಳಿಸುತ್ತಾರೆ. ಕಳೆದ ಸಲ ಬಂದಾಗ ಅಭ್ಯಾಸದಂತೆ ಕೇಳಿದೆ, ಗುಳಿಗೆ ಎಲ್ಲಿ ಇಡುತ್ತೀರಿ ಎಂದು. ಮೊದಲೆಲ್ಲ ಕೊಟ್ಟಿಗೆಯ ಮಾಡಿನಲ್ಲಿ ಇಡುತ್ತಿದ್ದವರು. ನಕ್ಕರು.

‘ಟಿವಿ ಪಕ್ಕದಲ್ಲೇ ಮೇಡಂ, ಎಲ್ಲರಿಗೂ ಕಾಣುವ ಹಾಗೆ. ಶುಗರಿನ ಗುಳಿಗೆ ಎಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ.’